ಬೇರೆ ಹೆಡ್ಡು, ಕೂಸಿನ ಕಾಡಿಗೆ

ಮೊಮ್ಮಗಳು ಹುಟ್ಟಿದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನನ್ನ ಬಾಡಿಗೆ ಕಾರು ಹತ್ತಿದವರಿಗೆಲ್ಲ, ಕೇಳದಿದ್ದರೂ, ಅವಳ ಮೂಗಿನ ವರ್ಣನೆ ಉಚಿತ. ಕೇಳುತ್ತಾ ಕೇಳುತ್ತಾ ರೈಲು ತಪ್ಪಿಸಿಕೊಂಡವರೂ ಇದ್ದಾರೆ.

ಐದನೇ ತಿಂಗಳಿಗೆ ಸೊಸೆಯನ್ನೂ ಕೂಸನ್ನೂ ಮಂಡಕಳ್ಳಿಯ ತೌರಿನಿಂದ ನನ್ನ ಕಾರಿನಲ್ಲೇ ಕರೆತರಬೇಕೆಂಬುದು ನನ್ನ ಆಸೆ. ಅಷ್ಟರಲ್ಲಿ ಇಂಜಿನ್ನಿನ ತಲೆಭಾಗ, ಅಂದರೆ ಹೆಡ್ಡು, ಸೀಳುಬಿಟ್ಟಿತು. ಅದೇ ಹೆಡ್ಡು ಎಲ್ಲೂ ಸಿಗದೆ, 'ಇದಕ್ಕೂ ಕೂರುತ್ತೆ' ಎಂದು ಬೇರೆ ಕಂಪನಿಯವರು ಮಾಡಿದ್ದನ್ನು ತಂದು ಕೂರಿಸಿದೆ. ಕೂತಿತು. ಟಕಟಕ ಎನ್ನುತ್ತಲೇ ಕೂತಿತು. ನೋಡೋಣವೆಂದು ಮಂಡಕಳ್ಳಿಗೆ ಓಡಿಸಿಕೊಂಡು ಹೋದರೆ, ಬೀಗರು ಜಗಲಿಯಿಂದಲೇ ಕೂಗಿದರು:

"ಏನ್ ಬೀಗ್ರೇ, ಇದು ಕಾರೋ, ಅವಲಕ್ಕಿ ಕುಟ್ಟೋ ಮಿಷನ್ನೋ? ಇದ್ರಲ್ಲಿ ಕೂಸ್ನ ಕಳ್ಸಾಕಿಲ್ಲ ಕಣ್ರೀ. ಜಟಕಾದಲ್ಲಿ ಬತ್ತದೆ ಬುಡಿ!"

ನಮ್ಮ ಬೀದಿಯಲ್ಲಿ ಕಾರಿರುವವನು ನಾನೊಬ್ಬನೇ. ಬೀದಿಯವರ ಲೆಕ್ಕದಲ್ಲಿ ಕಾರಿನ ವಿಷಯ ಗೊತ್ತಿಲ್ಲದವನೂ ನಾನೊಬ್ಬನೇ. ಒಬ್ಬರು ಗಟ್ಟಿ ಎಣ್ಣೆ ಹುಯ್ಯಿ ಎಂದರು, ಒಬ್ಬರು ನಿಂಬೆಹಣ್ಣು ಕಟ್ಟು ಎಂದರು. ದೊರೆಗಳ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಎದುರುಮನೆಯವರು ಮಾತ್ರ, "ಆ ಟಕಟಕ ಅನ್ನೋ ಸ್ಕ್ರೂ ಬಿಗಿ ಮಾಡ್ರೀ, ತೆಪ್ಪಗಾಗುತ್ತೆ" ಎಂದರು. ಬಿಗಿ ಮಾಡಿದೆ. ಸದ್ದು ಅಡಗಿತು, ಶಕ್ತಿಯೂ ಅಡಗಿತು. ಇಂಜಿನ್ನು ಉಸಿರಾಡುವ ಬಾಗಿಲಾದ ವಾಲ್ವು ಪೂರ್ತಿ ಮುಚ್ಚಲಾರದೆ, ಕಾರು ಏರು ಕಂಡಲ್ಲೆಲ್ಲ ಏದುಸಿರು ಬಿಟ್ಟಿತು. ಬಾಯಿ ಮುಚ್ಚಿಸಿದರೆ ಆಡಳಿತ ನಡೆದಂತೆ ಎಂಬ ನಂಬಿಕೆ ದೊರೆಗಳ ಕಾಲದ್ದು. ಸ್ವರಾಜ್ಯ ಬಂದ ಮೇಲೂ ಪಿಂಚಣಿ ಪಡೆಯದೆ ಕೆಲಸ ಮಾಡುತ್ತಿದೆ.

ಕೊನೆಗೆ ಮುಚ್ಚಳ ಬಿಚ್ಚಿದೆ. ಒಳಗಿನ ರಾಕರು ಏತದ ಹಾಗೆ: ಒಂದು ತುದಿ ಏರಿದರೆ ಇನ್ನೊಂದು ತುದಿ ವಾಲ್ವಿನ ನೆತ್ತಿ ಒತ್ತಬೇಕು, ಅದೂ ನಟ್ಟನಡುವೆ. ಎಲ್ಲಿ ಒತ್ತುತ್ತಿದೆಯೆಂದು ತಿಳಿಯಲು ನೆತ್ತಿಗೆ ಮಸಿ ಹಚ್ಚಬೇಕು. ಮನೆಯಲ್ಲಿ ಕೂಸಿಗೆಂದು ನನ್ನವಳು ಹಿಡಿದಿಟ್ಟ ಕಾಡಿಗೆಯಿತ್ತು.

"ಅಯ್ಯೋ, ಕೂಸಿಗಿಂತ ಮುಂಚೆ ನಿಮ್ ಕಾರಿಗೆ ದೃಷ್ಟಿಬೊಟ್ಟಾ?"

"ದೃಷ್ಟಿ ಆಗಿರೋದು ಅದಕ್ಕೇ ಕಣೇ!"

ಗುರುತು ಅಂಚಿನಲ್ಲಿ ಬಿದ್ದಿತ್ತು. ಹೊಸ ಹೆಡ್ಡಿನಲ್ಲಿ ವಾಲ್ವು ತುಸು ಎತ್ತರ. ರಾಕರು ಕೂರುವ ಪೀಠ ಮಾತ್ರ ಹಳೆಯ ಎತ್ತರದಲ್ಲೇ ಇತ್ತು. ಪೀಠದ ಕೆಳಗೆ ತೆಳು ತಗಡು ಕೊಟ್ಟೆ, ಕೆಳಗಿಂದ ತಳ್ಳುವ ಕಡ್ಡಿಯನ್ನೂ ಅದಕ್ಕೆ ತಕ್ಕಷ್ಟು ಉದ್ದದ್ದು ಹಾಕಿದೆ. ಕಾಡಿಗೆ ಹಚ್ಚಿದೆ, ತಿರುಗಿಸಿದೆ, ನೋಡಿದೆ, ಮತ್ತೆ ಬಿಚ್ಚಿದೆ. ಗುರುತು ನಡುವೆ ಬಂದಾಗ ಕಾಡಿಗೆ ಮುಗಿದಿತ್ತು, ನನ್ನವಳ ತಾಳ್ಮೆಯೂ. ಹೊಸದು ಬಂದಾಗ ಹೊಸದನ್ನೇ ಬೈಯುತ್ತೇವಲ್ಲ, ನಮ್ಮ ಪೀಠ ಒಂದಿಷ್ಟು ಅಲುಗಿಸುವುದು ಅಷ್ಟು ಕಷ್ಟ. ಸೊಸೆ ಮನೆಗೆ ಬಂದ ಹೊಸತರಲ್ಲಿ ನಾವೂ ಸ್ಕ್ರೂ ಬಿಗಿ ಮಾಡಿದವರೇ.

ಒಳ್ಳೆ ದಿನ ನೋಡಿ ಮಂಡಕಳ್ಳಿಗೆ ಹೋದೆ. ಬೀಗರು ಬಾನೆಟ್ಟಿಗೆ ಕಿವಿ ಕೊಟ್ಟರು.

"ಇನ್ನೂ ಒಸಿ ಟಿಕ್‌ಟಿಕ್ ಅಂತದಲ್ಲಾ?"

"ಅಷ್ಟು ಸಡಿಲ ಇರ್ಬೇಕು ಬೀಗ್ರೇ. ಬೀಗರ ಮಧ್ಯ ಇದ್ದಂಗೆ."

ಅವರು ನಗಲಿಲ್ಲ. ಕೂಸನ್ನು ಸೊಸೆಯ ಮಡಿಲಿಗಿಟ್ಟು, ಅನುಮಾನದಿಂದ ತಾವೂ ಮುಂದಿನ ಸೀಟಿಗೆ ಹತ್ತಿದರು. ದಾರಿಯುದ್ದಕ್ಕೂ ಕೂಸಿಗೆ ಸವಿನಿದ್ದೆ. ಬೀಗರ ಕಾಲು ಮಾತ್ರ, ಅವರ ಕಡೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ನಾನು ನೋಡದವನಂತೆ ಕಾರನ್ನು ಇನ್ನಷ್ಟು ನಿಧಾನ ಮಾಡಿದೆ. ಅವರೂ ತಾತನೇ ಅಲ್ಲವೇ.