ಐಪೋಥಲಾಮಸ್

ಪಾಲಹಳ್ಳಿಯ ಗದ್ದೆಗಳಲ್ಲಿ ಹಿಡಿದ ಕಪ್ಪೆಗಳನ್ನು ಒದ್ದೆ ಗೋಣಿಚೀಲಕ್ಕೆ ತುಂಬಿಕೊಂಡು ಮೈಸೂರಿನ ಬಸ್ಸು ಹತ್ತುತ್ತಿದ್ದೆ. ತೊಂಬತ್ತರ ದಶಕದ ಮಾತು. ಕಂಡಕ್ಟರು "ಏನವ್ವಾ ಅದು, ಕೋಳಿನಾ?" ಅಂದರೆ "ಕಪ್ಪೆ" ಅನ್ನುತ್ತಿದ್ದೆ. ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ನನಗೇನು, ಕಾಲು ಚಾಚಿ ಕೂರುತ್ತಿದ್ದೆ.

ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಪುಟ್ಟ ವಸ್ತುವೊಂದಿದೆ, ನ್ಯೂರೋಪೆಪ್ಟೈಡ್. ಕಪ್ಪೆಯ ಮಿದುಳಿನಲ್ಲಿ ಅದು ಯಾವ ಕೋಶಗಳಲ್ಲಿದೆ ಎಂದು ಹುಡುಕುವುದೇ ನನ್ನ ಸಂಶೋಧನೆ. ಮಿದುಳನ್ನು ತೆಳ್ಳಗೆ ಸೀಳಿ, ಆ ಪೆಪ್ಟೈಡಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯ ಹಾಕಿ, ಆಮೇಲೆ ಬಣ್ಣ ಕೊಡಬೇಕು. ಪೆಪ್ಟೈಡ್ ಇದ್ದಲ್ಲಿ ಕಂದು ಮೂಡುತ್ತದೆ. ಎಷ್ಟೋ ಸಲ ಕೆಟ್ಟ ಮೇಲೆ ಒಂದು ದಿನ ಮಿದುಳಿನ ತಳಭಾಗದಲ್ಲಿ ಮೂಡಿತು. ಗೈಡ್ ಹತ್ತಿರ ಓಡಿದೆ.

"ಸಾರ್, ಐಪೋಥಲಾಮಸ್‌ನಲ್ಲಿ ಐತೆ."

ಅವರು ಮೈಕ್ರೋಸ್ಕೋಪಿಗೆ ಕಣ್ಣಿಡುವ ಮೊದಲೇ ನಕ್ಕರು. "ಹೈಪೋಥಲಾಮಸ್. ಮೊದಲು ಹಕಾರ ಹುಡುಕಮ್ಮ, ಆಮೇಲೆ ಪೆಪ್ಟೈಡ್ ಹುಡುಕುವೆಯಂತೆ." ಆಮೇಲೆ ಬಗ್ಗಿ ನೋಡಿ, "ಇದು ಕಪ್ಪೆಯ ಸಹಜ ಬಣ್ಣದ ಕಣ. ವಿಷಯ ಬದಲಾಯಿಸು" ಎಂದರು. ಲ್ಯಾಬಿನವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ಅವ್ವ, "ಅನ್ನಿಸ್ಕೊಂಡು ಯಾಕವ್ವಾ ಓಯ್ತೀಯೆ? ಬುಟ್ಬುಡು" ಎಂದಳು.

"ಬುಡಾಕಿಲ್ಲ ಕಣವ್ವ."

ಒಂದು ಪರೀಕ್ಷೆ ಬಾಕಿಯಿತ್ತು. ಪ್ರತಿಕಾಯಕ್ಕೆ ಮೊದಲೇ ಆ ಪೆಪ್ಟೈಡನ್ನು ಬೆರೆಸಿಬಿಟ್ಟರೆ ಅದರ ಕೈ ತುಂಬಿಹೋಗುತ್ತದೆ, ಕೋಶದಲ್ಲಿರುವುದನ್ನು ಹಿಡಿಯಲಾಗುವುದಿಲ್ಲ. ಆಗಲೂ ಕಂದು ಮೂಡಿದರೆ ಗೈಡ್ ಹೇಳಿದ್ದೇ ನಿಜ, ನನ್ನ ವರ್ಷಗಳೆಲ್ಲ ನೀರುಪಾಲು. ಹೊರದೇಶದಿಂದ ತರಿಸಿದ್ದ ಪ್ರತಿಕಾಯದಲ್ಲಿ ಉಳಿದಿದ್ದು ತಳದ ಹನಿಗಳು. ಗೈಡ್ ಮುಟ್ಟಬೇಡ ಎಂದಿದ್ದರು. ಮುಟ್ಟಿದೆ. ನನ್ನ ಕೆಲಸ ಸುಳ್ಳೆಂದು ಸಾಯುವುದಾದರೆ ನನ್ನ ಕೈಯಲ್ಲೇ ಸಾಯಲಿ ಅನ್ನಿಸಿತ್ತು.

ಅಕ್ಕಪಕ್ಕದ ಎರಡು ಸೀಳುಗಳು. ಮಾಮೂಲಿ ಪ್ರತಿಕಾಯ ಹಾಕಿದ ಒಂದರಲ್ಲಿ ಕೋಶಗಳು ಕಂದು. ಪೆಪ್ಟೈಡ್ ಬೆರೆಸಿದ್ದನ್ನು ಹಾಕಿದ ಇನ್ನೊಂದರಲ್ಲಿ ಅದೇ ಜಾಗ ಬೋಳು. ಮಿದುಳಿನ ಅಂಚಿನಲ್ಲಿದ್ದ ಸಹಜ ಬಣ್ಣದ ಕಣಗಳು ಮಾತ್ರ ಎರಡರಲ್ಲೂ ಹಾಗೇ ಕಪ್ಪಗೆ ಕೂತಿದ್ದವು. ಗೈಡನ್ನು ಕರೆದು ತೋರಿಸಿದೆ. ತುಂಬ ಹೊತ್ತು ನೋಡಿದರು. "ಸರಿ, ಥೀಸಿಸ್ ಬರಿ" ಎಂದಷ್ಟೇ ಹೇಳಿ ಹೋದರು. ಪ್ರತಿಕಾಯ ಖರ್ಚಾದ ಮಾತೇ ಎತ್ತಲಿಲ್ಲ.

ಕೊನೆಯ ಮೌಖಿಕ ಪರೀಕ್ಷೆಗೆ ಬೇರೆ ಊರಿನ ಪ್ರೊಫೆಸರೊಬ್ಬರು ಬಂದಿದ್ದರು. ಪೆಪ್ಟೈಡ್ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಪಕ್ಕದಲ್ಲಿ ಕೂತಿದ್ದ ಗೈಡ್ ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ನನಗೆ ಹಕಾರ ಚೆನ್ನಾಗಿಯೇ ಬರುತ್ತಿತ್ತು.

"ಐಪೋಥಲಾಮಸ್‌ನಲ್ಲಿ ಸಾರ್" ಎಂದೆ.