ಮೆಟ್ಟಿಲ ತಿರುವಿನಲ್ಲಿ ಆರಡಿ ಬ್ರೆಡ್ಡು

ನಮ್ಮ ಮಗಳು ಎಂಟು ತುಂಬುವ ಮೊದಲೇ ಒಂದು ಮಾತನ್ನು ಚೆನ್ನಾಗಿ ಕಲಿತಿದ್ದಳು: “ಇರ್ಲಿ ಬಿಡಪ್ಪಾ.” ಅವಳು ಕನ್ನಡ ಮಾತಾಡುತ್ತಿದ್ದುದೇ ಕಡಿಮೆ. ನಾವು ಧಾರವಾಡದ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಬರುತ್ತಿತ್ತು. ಅಪ್ಪ ಮಾತು ತಪ್ಪಿದಾಗ ಮಾತ್ರ ಅಚ್ಚ ಕನ್ನಡದಲ್ಲಿ ಹಾಗಂದು, ಕತೆಪುಸ್ತಕ ಬಿಚ್ಚಿ ಕೂತುಬಿಡುತ್ತಿದ್ದಳು. ಅಳು ಇಲ್ಲ, ರಂಪ ಇಲ್ಲ.

ಅವಳ ಅಪ್ಪ ಈ ಬಂಗಾಳಿ ಊರಿನ ಗಾರ್ಡನ್ ರೀಚ್ ಹಡಗು ಕಾರ್ಖಾನೆಯಲ್ಲಿ ಹಡಗುಗಳ ನಕ್ಷೆ ಬರೆಯುವವರು. ಅವಳ ಆರನೆಯ ಹುಟ್ಟುಹಬ್ಬದ ದಿನ ಹೊಸ ಹಡಗಿನ ಪರೀಕ್ಷೆಗೆಂದು ಸಮುದ್ರದ ಮೇಲಿದ್ದರು. ಏಳನೆಯದಕ್ಕೆ ಇನ್ನೊಂದು ಹಡಗು ಒಪ್ಪಿಸುವ ಗಡಿಬಿಡಿ. ಮರುದಿನ ಕೇಕು ಹಿಡಿದು ಬಂದರು. ಎರಡು ಸಲವೂ ಅದೇ “ಇರ್ಲಿ ಬಿಡಪ್ಪಾ.” ನಾನಾದರೆ ಮನಸಾರೆ ಬೈದು ಮುಗಿಸಿದ್ದೆ. ಅವರು ನನ್ನ ಬೈಗುಳಕ್ಕೆ ಸೊಪ್ಪು ಹಾಕಲಿಲ್ಲ. ಮಗಳ ಆ ಒಂದು ಮಾತಿಗೆ ಊಟ ಬಿಟ್ಟರು.

“ಆಕಿ ಒಮ್ಮೆ ಬೈದಿದ್ರ ಛಲೋ ಇತ್ತು,” ಅಂದರು. “ನನ್ನ ಕಡಿಂದ ಏನೂ ಆಗೂದಿಲ್ಲ ಅಂತ ತಿಳ್ಕೊಂಡಾಳ ಆಕಿ.”

ಎಂಟನೆಯ ಹುಟ್ಟುಹಬ್ಬಕ್ಕೆ ತಿಂಗಳ ಮೊದಲೇ ರಜೆ ಬರೆದುಕೊಟ್ಟು, ಏನು ಬೇಕು ಎಂದು ಅವಳನ್ನು ಕೇಳಿದರು. ಸೆಕ್ಟರ್ ಫೈವ್‌ನಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅವಳ ಕ್ಲಾಸಿನ ಅರ್ಧ ಮಕ್ಕಳ ತಂದೆತಾಯಿ ಸಾಫ್ಟ್‌ವೇರ್‌ನವರು. ಅಂಥ ಒಂದು ಪಾರ್ಟಿಯಲ್ಲಿ ಮೇಜಿನಷ್ಟುದ್ದದ ಸ್ಯಾಂಡ್‌ವಿಚ್ ನೋಡಿ ಬಂದಿದ್ದಳು. ಅದೇ ಬೇಕು, ಆದರೆ ತುಂಡು ಜೋಡಿಸಿದ್ದಲ್ಲ, ಒಂದೇ ಬ್ರೆಡ್ಡಿನದು. ಎಲ್ಲರ ಮುಂದೆ ತಾನೇ ಮೊದಲ ತುಂಡು ಕತ್ತರಿಸಬೇಕು. ಕೇಳಿ ಮುಗಿಸಿದವಳೇ, “ಆಗ್ಲಿಲ್ಲಂದ್ರ ಇರ್ಲಿ,” ಎಂದು ಸೇರಿಸಿದಳು. ಅವರ ಮುಖ ಸಣ್ಣದಾಯಿತು.

ಆಮೇಲೆ ನಮ್ಮ ಮನೆಯಲ್ಲಿ ಹಡಗೇ ಕಟ್ಟಿದರು ಅನ್ನಿ. ಟ್ರೇಸಿಂಗ್ ಕಾಗದದ ಮೇಲೆ ಸ್ಯಾಂಡ್‌ವಿಚ್ಚಿನ ಅಡ್ಡಸೀಳು, ಉದ್ದಸೀಳು. ಬೆಣ್ಣೆಗೊಂದು ಗೆರೆ, ಚಟ್ನಿಗೊಂದು ಗೆರೆ. ಎಸ್ಪ್ಲನೇಡ್ ಹಿಂದಿನ ಗಲ್ಲಿಯಲ್ಲಿ ಆಳವಾದ ಸೌದೆ ಒಲೆಯ ಹಳೇ ಬೇಕರಿಯೊಂದನ್ನು ಹುಡುಕಿ, ಆರಡಿ ಬ್ರೆಡ್ಡಿಗೆ ಮುದುಕ ಬೇಕರಿಯವನನ್ನು ಒಪ್ಪಿಸಿದರು. ಅದನ್ನು ಹೊರುವುದಕ್ಕೆ ಹಲಗೆ ಮನೆಯಲ್ಲೇ ಇತ್ತು. ಆಫೀಸಿಗೆ ಕಂಪ್ಯೂಟರ್ ಬಂದು ನಕ್ಷೆ ಹಲಗೆಗಳನ್ನು ಹರಾಜು ಹಾಕಿದಾಗ, ಏಳಡಿಯ ಕಿರಿದಾದ ಹಲಗೆಯೊಂದನ್ನು ಇವರು ತಂದಿದ್ದರು. ಎರಡು ವರ್ಷ ಬಾಗಿಲ ಹಿಂದೆ ನಿಂತು ನನ್ನ ಸೆರಗು ಹರಿದದ್ದಷ್ಟೇ ಅದರ ಉಪಯೋಗ.

ಹುಟ್ಟುಹಬ್ಬದ ಮಧ್ಯಾಹ್ನ ಬ್ರೆಡ್ಡು ಟ್ಯಾಕ್ಸಿಯ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಸದರ್ನ್ ಅವೆನ್ಯೂ ಪಕ್ಕದ ನಮ್ಮ ಓಣಿಗೆ ಬಂತು. ಮೊದಲ ಮಹಡಿಯ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ ಹಲಗೆ, ಹಲಗೆಯ ಮೇಲೆ ಬಾಳೆಎಲೆ. ಅವರು ಬ್ರೆಡ್ಡನ್ನು ಎರಡು ಪದರವಾಗಿ ಸೀಳಿದರು. ಮಗಳು ಬೆಣ್ಣೆ ಸವರಿದಳು, ನಾನು ಒಂದು ಬದಿಯ ಅರ್ಧಕ್ಕೆ ಶೇಂಗಾ ಚಟ್ನಿಪುಡಿ ಉದುರಿಸಿ, ಇನ್ನೊಂದಕ್ಕೆ ಇಲ್ಲಿನ ಸಾಸಿವೆಯ ಕಾಸುಂದಿ ಹಚ್ಚಿದೆ. ಮೇಲೆ ಬೇಯಿಸಿದ ಬೀಟ್‌ರೂಟ್, ಆಲೂಗಡ್ಡೆ, ಸೌತೆಕಾಯಿ. ಸವರುವಾಗ ಅವಳು ನಡುನಡುವೆ ಅಪ್ಪನ ಕಡೆ ನೋಡುತ್ತಿದ್ದಳು, ಇವರು ಎದ್ದು ಎಲ್ಲಿ ಹೊರಟುಬಿಡುತ್ತಾರೋ ಎಂಬಂತೆ.

ಪಾರ್ಟಿ ಮೇಲಿನ ತಾರಸಿಯಲ್ಲಿ. ಕಟ್ಟಡದ ಮಕ್ಕಳು, ಅವಳ ಕ್ಲಾಸಿನವರು, ಅವರ ಅಮ್ಮಂದಿರು, ಎಲ್ಲರೂ ಮಾಸೀಮಾ ಅನ್ನುವ ಎರಡನೇ ಮಹಡಿಯ ಬಂಗಾಳಿ ಹಿರಿಯಾಕೆ, ಎಲ್ಲರೂ ತಟ್ಟೆ ಹಿಡಿದು ಅಲ್ಲಿ ಕಾಯುತ್ತಿದ್ದರು.

“ಮ್ಯಾಲೆ ಹೆಂಗ ಒಯ್ಯೋದ್ರಿ ಇದನ್ನ?” ಎಂದು ಕೇಳಿದೆ.

“ಈ ಹಲಗಿ ಇದ ಮೆಟ್ಟಿಲ ಹತ್ತಿ ಮನಿಗೆ ಬಂದದ. ಇದರ ಮ್ಯಾಲಿನ ಬ್ರೆಡ್ಡು ಯಾಕ ಹೋಗೂದಿಲ್ಲ?”

ಹಡಗಿನ ಲೆಕ್ಕ ಮಾಡುವವರು ಹೇಳಿದ ಮೇಲೆ ಮುಗಿಯಿತಲ್ಲ. ಮುಂದಿನ ತುದಿ ನಾನು ಹಿಡಿದೆ, ಹಿಂದಿನದನ್ನು ಅವರು. ಮಗಳು ಚಾಕು ಹಿಡಿದುಕೊಂಡು ಹಿಂದೆ ಬಂದಳು. ಹತ್ತು ಮೆಟ್ಟಿಲು ಸುಖವಾಗಿ ಹತ್ತಿದೆವು. ತಿರುವಿನಲ್ಲಿ ಹಲಗೆಯ ಮೂಗು ಗೋಡೆಗೆ ಬಡಿಯಿತು. ಬಲಕ್ಕೆ ತಿರುಗಿಸಿದೆವು, ಎಡಕ್ಕೆ ತಿರುಗಿಸಿದೆವು. ಎರಡೂ ಕಡೆ ಗೋಡೆ, ಅಂಗೈಯಗಲದ ಜಾಗ.

“ಎತ್ತಿ ನಿಲ್ಲಸಬೇಕು...” ಎಂದು ಶುರುಮಾಡಿದವರು ಅಲ್ಲಿಗೇ ನಿಂತರು. ಬರಿ ಹಲಗೆ ಮನೆಗೆ ಬಂದ ದಿನ ಮೆಟ್ಟಿಲ ತಿರುವು ದಾಟಿದ್ದು ನಿಂತುಕೊಂಡು. ಸ್ಯಾಂಡ್‌ವಿಚ್ಚನ್ನು ನಿಲ್ಲಿಸುವುದು ಹೇಗೆ? ಸ್ವಲ್ಪ ಓರೆ ಮಾಡಿದ್ದಕ್ಕೇ ನಾಲ್ಕು ಬೀಟ್‌ರೂಟ್ ಬಿಲ್ಲೆಗಳು ಜಾರಿ ಅವರ ಬಿಳಿ ಅಂಗಿಯ ಮೇಲೆ ಇಳಿದವು.

ಮೇಲಿಂದ ಇಣುಕಿದ ಮಾಸೀಮಾ, “ಕೇಟೇ ದಾವ್, ಕೇಟೇ ದಾವ್!” ಎಂದು ಕೂಗಿದರು. ಕತ್ತರಿಸಿಬಿಡಿ ಅಂತ. ಯಾರಿಗಾದರೂ ತೋಚುವ ಉಪಾಯವೇ. ಆದರೆ ಅಡ್ಡ ಕತ್ತರಿಸಿ ಒಯ್ದರೆ ಅವಳು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದ ಒಂದೇ ಬ್ರೆಡ್ಡು ಎಲ್ಲಿ ಉಳಿಯಿತು? ನಾವಿಬ್ಬರೂ ಮಗಳತ್ತ ನೋಡಿದೆವು. ಅವಳ ತುಟಿ ನಡುಗುತ್ತಿತ್ತು. ಇನ್ನೇನು ಆ ಮಾತು ಬಂತು ಎಂದುಕೊಂಡು ನಾನು ಕಣ್ಣು ಮುಚ್ಚಿದೆ.

“ಅಪ್ಪಾ, ಯು ಪ್ರಾಮಿಸ್ಡ್!” ಮೆಟ್ಟಿಲೆಲ್ಲ ಗುಂಯ್‌ಗುಟ್ಟುವ ಹಾಗೆ ಕಿರುಚಿದಳು. “ಸಬ್ಕೋ ಬೋಲಾ ಮೈನೇ! ಯಾಕ ಅಳತಿ ಮಾಡ್ಲಿಲ್ಲ ನೀ? ದಿನಾ ಅಳತಿ ಮಾಡ್ತಿ, ನಂದು ಯಾಕ ಮಾಡ್ಲಿಲ್ಲ? ನಂಗ ಗೊತ್ತಿಲ್ಲ, ನೀನ ಏನರೆ ಮಾಡು!” ಕಾಲು ನೆಲಕ್ಕೆ ಬಡಿದು ಜೋರಾಗಿ ಅಳತೊಡಗಿದಳು. ಅಷ್ಟು ಕನ್ನಡ ಅವಳ ಹೊಟ್ಟೆಯೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಅವರು “ಮಾಡ್ತೀನವ್ವಾ, ಮಾಡ್ತೀನಿ,” ಎಂದು ಮೇಲಕ್ಕೆ ಮುಖ ಎತ್ತಿ, ಎಲ್ಲರೂ ಕೆಳಗೆ ಬನ್ನಿ ಎಂದು ಹಿಂದಿಯಲ್ಲಿ ಕೂಗಿದರು. ನನ್ನ ತುದಿಯನ್ನು ತಿರುವಿನ ಕಿಟಕಿಕಟ್ಟೆಯ ಮೇಲೆ ಇರಿಸಿದೆವು. ತಮ್ಮ ತುದಿಯನ್ನು ಹೆಗಲಿಗೆ ಕೊಟ್ಟು, ಕೆಳಗಿನ ಮೆಟ್ಟಿಲ ಮೇಲೆ ಅವರು ಕೂತರು. ತಾರಸಿಯ ಜನವೆಲ್ಲ ಇಳಿದು ಬಂದು, ತಿರುವಿನ ಮೇಲೂ ಕೆಳಗೂ ಮೆಟ್ಟಿಲು ಮೆಟ್ಟಿಲಿಗೆ ಕೂತಿತು. ಮಾಸೀಮಾಗೊಂದು ಕುರ್ಚಿ ಬಂತು. ಮಗಳು ಮೂಗು ಒರೆಸಿಕೊಂಡು ಅಖಂಡ ಬ್ರೆಡ್ಡಿನ ನಟ್ಟನಡುವೆ ಚಾಕು ಇಟ್ಟಳು. ಮೊದಲ ತುಂಡನ್ನು ಅಪ್ಪನ ಬಾಯಿಗೆ ತುರುಕಿದಳು. ಅವರ ಕೈ ಎರಡೂ ಹಲಗೆಯ ಮೇಲಿದ್ದವು. ತುಂಡುಗಳು ಕೈಯಿಂದ ಕೈಗೆ ಮೇಲಕ್ಕೂ ಕೆಳಕ್ಕೂ ಹೋದವು. ಚಟ್ನಿಪುಡಿಯ ಬದಿ ಮೊದಲು ಖಾಲಿಯಾಯಿತೆಂದು ನಾನು ಇವತ್ತಿಗೂ ಹೇಳಿಕೊಳ್ಳುತ್ತೇನೆ.

ಎಲ್ಲರೂ ಹೋದ ಮೇಲೆ ಅವರು ತಾರಸಿಯ ನಲ್ಲಿಯಡಿ ಹಲಗೆ ತೊಳೆಯುತ್ತಿದ್ದರು. ಬೀಟ್‌ರೂಟಿನ ಕಲೆ ಹೋಗುತ್ತಿರಲಿಲ್ಲ. ಅಂಗಿಯದ್ದೂ ಹೋಗುವುದಿಲ್ಲ, ಹೆಸರಿಗೆ ನಕ್ಷೆಗಾರರು, ಮೆಟ್ಟಿಲ ಅಳತೆ ಗೊತ್ತಿಲ್ಲ ಎಂದು ನಾನು ಮೂದಲಿಸಿದೆ. ಅವರು ತಿಕ್ಕುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ಕಣ್ಣು ತುಂಬಿದ್ದವು, ಮುಖದ ತುಂಬ ನಗು.

“ಬೈದ್ಲು ನೋಡ ನನಗ,” ಅಂದರು. “ಎಲ್ಲಾರ ಮುಂದ ಬೈದ್ಲು.”