ಹಿತ್ತಾಳೆ ಟಿಪ್ಪು, ಮಾವನವರ ಮೂಗು

ನಾನು ಟರ್ನರ್. ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಹದಿನೆಂಟು ವರ್ಷದಿಂದ ಲೇತ್ ಮುಂದೆ ನಿಂತಿದ್ದೇನೆ. ಹೀಗಾಗಿ ನನಗೊಂದು ರೋಗ ಅಂಟಿಕೊಂಡಿದೆ. ಕಣ್ಣಿಗೆ ಬಿದ್ದ ಯಾವ ವಸ್ತುವೇ ಆಗಲಿ, ಅದರ ಅಳತೆ ಸರಿ ಇದೆಯೋ ಇಲ್ಲವೋ ನೋಡದೆ ಬಿಡಲಾರೆ. ಮದುವೆ ಊಟದಲ್ಲಿ ಲಾಡು ಬಡಿಸಿದರೆ ದುಂಡಗಿದೆಯೇ ಎಂದು ತಿರುಗಿಸಿ ನೋಡುತ್ತೇನೆ. ಹೆಂಡತಿ ಲಟ್ಟಿಸಿದ ಚಪಾತಿ ಒಂದು ಕಡೆ ದಪ್ಪವಾಗಿದೆ ಎಂದು ಒಮ್ಮೆ ಹೇಳಿ ಮೂರು ದಿನ ಖಾನಾವಳಿಯಲ್ಲಿ ಉಂಡಿದ್ದೇನೆ. ಗಾಂಜಾ ಸೇದುವ ಚಟದಲ್ಲೂ ನನ್ನನ್ನು ಕೆಡಿಸಿದ್ದು ಇದೇ ರೋಗ. ಎಲ್ಲರ ಹಾಗೆ ಹೇಗೋ ಸೇದಿಕೊಂಡಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ. ಅಳತೆಗೆ ಸರಿಯಾಗಿ ಸೇದಲು ಹೋದೆ.

ಚಟ ಹತ್ತಿಸಿದವನು ಪಕ್ಕದ ಫೌಂಡ್ರಿಯಲ್ಲಿ ಮೋಲ್ಡರ್ ಆಗಿರುವ ನನ್ನ ಗೆಳೆಯ. ಅವನ ಊರು ಖಾನಾಪುರ ತಾಲೂಕಿನ ಬೀಡಿ. ಇದಕ್ಕೆ ಯಾರೂ ನಗಬೇಕಾಗಿಲ್ಲ. ನಲವತ್ತು ವರ್ಷದಿಂದ ಎಲ್ಲರೂ ನಕ್ಕಾಗಿದೆ, ಅವನಿಗೂ ಸಾಕಾಗಿದೆ. ತಿಂಗಳಿಗೆ ಎರಡು ಸಲ, ರಜೆಯ ದಿನ ಮಧ್ಯಾಹ್ನ, ಅವನ ಬಾಡಿಗೆ ಕೋಣೆಯ ಮೇಲಿನ ಮಾಳಿಗೆಯಲ್ಲಿ ಕೂರುತ್ತಿದ್ದೆವು. ಮಾಲು ಎಲ್ಲಿಂದ ಬರುತ್ತಿತ್ತು ಎಂದು ಕೇಳಬೇಡಿ, ನಾನೂ ಕೇಳಿರಲಿಲ್ಲ. ಸೇದಿದ ಮೇಲೆ ನಾವು ಮಾಡುತ್ತಿದ್ದ ಘನಕಾರ್ಯವೆಂದರೆ ಎದುರುಮನೆಯವರು ಒಣಹಾಕಿದ ಸಂಡಿಗೆಗಳನ್ನು ಎಣಿಸುವುದು. ಒಮ್ಮೆಯೂ ಇಬ್ಬರ ಲೆಕ್ಕ ಕೂಡಿದ್ದಿಲ್ಲ.

ಸುತ್ತುವ ಕೆಲಸ ಅವನದು. ತುಟಿಗೆ ಬರುವ ತುದಿಗೆ ಫಿಲ್ಟರ್ ಬೇಕಲ್ಲ, ಅಂದರೆ ಟಿಪ್ಪು, ಅದಕ್ಕೆ ಅವನು ಲಗ್ನಪತ್ರಿಕೆ ಹರಿದು ಸುರುಳಿ ಮಾಡಿ ಇಡುತ್ತಿದ್ದ. ಅಷ್ಟು ದಪ್ಪ, ಅಷ್ಟು ನುಣುಪು ಕಾಗದ ಬೇರೆಲ್ಲೂ ಸಿಗುವುದಿಲ್ಲ ಎಂದು ಅವನ ವಾದ. ಅದಕ್ಕೆ ನೇಮವೂ ಇತ್ತು. ಮೇಲುಗಡೆ ದೇವರ ಹೆಸರಿರುವ ಭಾಗ ಹರಿಯಬಾರದು. ವಧೂವರರ ಹೆಸರೂ ಬೇಡ, ಪಾಪ, ಹೊಸ ಸಂಸಾರ. ಹರಿಯಬೇಕಾದದ್ದು ಕೆಳಗಿನ ಬಂಧುಬಳಗದ ಯಾದಿ, ಅದು ಹೇಗೂ ಉದ್ದ ಇರುತ್ತದೆ. ಒಂದು ಮಧ್ಯಾಹ್ನ ಎರಡು ದಮ್ಮು ಎಳೆದು ಕೈಯಲ್ಲಿ ಹಿಡಿದು ನೋಡುತ್ತೇನೆ, ಸುರುಳಿಯ ಮೇಲೆ ನನ್ನ ಸ್ವಂತ ಕಾಕಾನ ಹೆಸರು! ಅದರ ಮುಂದೆ ‘ನಿವೃತ್ತ ಮುಖ್ಯಾಧ್ಯಾಪಕರು’ ಎಂಬ ಪದವಿ. ಎರಡೂ ನನ್ನ ಉಗುಳಿನಲ್ಲಿ ನೆನೆದು ಉಬ್ಬಿದ್ದವು. ಸಣ್ಣವನಿದ್ದಾಗ ಮಗ್ಗಿ ತಪ್ಪಿದರೆ ಇದೇ ಕಾಕಾ ನನ್ನ ಕಿವಿ ಹಿಂಡುತ್ತಿದ್ದರು. ನನಗೆ ಕಿವಿ ಬಿಸಿಯಾಯಿತು. ಇನ್ನು ಮುಂದೆ ಬಂಧುಗಳನ್ನು ಸೇದುವುದಿಲ್ಲ ಎಂದು ಅವತ್ತೇ ಹೇಳಿಬಿಟ್ಟೆ.

ಮರುದಿನ ಊಟದ ಬಿಡುವಿನಲ್ಲಿ ಹಿತ್ತಾಳೆಯ ತುಂಡು ಕಂಬಿಯೊಂದನ್ನು ಲೇತಿಗೆ ಏರಿಸಿದೆ. ತೊಳೆದು ತೊಳೆದು ಬಳಸುವಂಥ ಟಿಪ್ಪು ಮಾಡುವುದು ನನ್ನ ವಿಚಾರ. ಮೊದಲನೆಯದು ನೋಡಲು ಚಂದ, ಆದರೆ ಹಿತ್ತಾಳೆ ಬಿಸಿ ಹಿಡಿಯುತ್ತದೆ ಎನ್ನುವುದನ್ನು ಹದಿನೆಂಟು ವರ್ಷ ಅದರ ಜೊತೆ ಬಾಳಿದ ನಾನೇ ಮರೆತಿದ್ದೆ. ತುಟಿ ಸುಟ್ಟು ಗುಳ್ಳೆ ಎದ್ದಿತು. ಮನೆಯಲ್ಲಿ ಬಿಸಿ ಚಹಾದ ಮೇಲೆ ಹಾಕಿದೆ. ಎರಡನೆಯ ಸಲ ಬಾಯಿಗೆ ಬರುವ ತುದಿಯನ್ನು ಅಗಲ ಮಾಡಿ, ಅದರ ಸ್ವಲ್ಪ ಮೇಲೆ ತಂಪು ಗಾಳಿ ಸೇರಲೆಂದು ಅಡ್ಡಕ್ಕೆ ಎರಡು ಸಣ್ಣ ತೂತು ಕೊರೆದೆ. ಬೆರಳು ಜಾರದಿರಲೆಂದು ಹೊರಮೈಗೆ ಸಣ್ಣ ಗೆರೆ ಹೊಡೆದೆ. ಅಂಗುಲಕ್ಕಿಂತ ಸ್ವಲ್ಪ ಉದ್ದ. ಟೇಬಲ್ ಮೇಲೆ ಇಟ್ಟರೆ ಅಗಲ ಪಾದದ ಮೇಲೆ ನೆಟ್ಟಗೆ ನಿಲ್ಲುತ್ತಿತ್ತು. ಅಂಥವು ನಾಲ್ಕು ಮಾಡಿದೆ. ನಾಲ್ಕನ್ನೂ ಅಳೆದೆ. ಕೂದಲೆಳೆಯಷ್ಟೂ ಫರಕು ಇರಲಿಲ್ಲ. ಗಿರಾಕಿಗಳಿಗೆ ಮಾಡಿಕೊಡುವ ಮಾಲಿಗೂ ನಾನು ಅಷ್ಟು ಜೀವ ಹಾಕಿದವನಲ್ಲ. ಒಂದು ಗೆಳೆಯನಿಗೆ, ಒಂದು ನನಗೆ, ಎರಡು ಹೆಚ್ಚಿಗೆ ಇರಲಿ ಅಂತ.

ಇನ್ನು ಮಾವನವರ ಕಥೆ ಹೇಳಬೇಕು, ಯಾಕೆಂದರೆ ನನಗೆ ಜಗತ್ತಿನಲ್ಲಿ ಭಯ ಅಂತ ಇದ್ದದ್ದು ಅವರೊಬ್ಬರದೇ. ಖಾನಾಪುರದವರು, ಅಬಕಾರಿ ಇಲಾಖೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಗೋವಾ ರಸ್ತೆಯಲ್ಲಿ ಬಸ್ಸು ಹತ್ತಿ ಬಾಗಿಲಲ್ಲಿ ನಿಂತು ಎರಡು ಸಲ ಉಸಿರೆಳೆದರೆ ಸಾಕು, ಮಾಲು ಯಾವ ಸೀಟಿನ ಕೆಳಗಿದೆ ಎಂದು ಹೇಳುತ್ತಿದ್ದರಂತೆ. ಅವರ ಮೂಗಿನ ಕೀರ್ತಿ ತಾಲೂಕು ತುಂಬ ಹಬ್ಬಿತ್ತು. ನಾನು ಕನ್ಯಾ ನೋಡಲು ಹೋದಾಗಲೂ ನೌಕರಿ, ಹೊಲ, ಮನೆ ಏನೂ ಕೇಳಲಿಲ್ಲ. ಬಾಜೂಕ ಬಂದು ಕುಳಿತು ನನ್ನ ಕಡೆ ತಿರುಗಿ ಎರಡು ಸಲ ಉಸಿರೆಳೆದರು, ‘ಹೂಂ’ ಎಂದರು, ಮದುವೆ ಗಟ್ಟಿಯಾಯಿತು. ಆಗ ನಾನು ಶುದ್ಧನಿದ್ದೆ. ಅಂದಿನಿಂದ ‘ನಮ್ಮ ಅಳಿಯಗ ಅಡಕಿ ಚೂರಿನ ಚಟಾನೂ ಇಲ್ಲ’ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಇದನ್ನು ಕೇಳಿದಾಗೆಲ್ಲ ನನ್ನ ಹೆಂಡತಿ ನನ್ನನ್ನು ನೋಡುತ್ತಿದ್ದಳು. ಹೋದ ವರ್ಷ ಅವಳಿಗೆ ಒಮ್ಮೆ ಅಂಗಿಯ ವಾಸನೆ ಬಂದು ಸಿಕ್ಕಿಬಿದ್ದಿದ್ದೆ, ಬಿಟ್ಟೆ ಎಂದು ಆಣೆ ಮಾಡಿದ್ದೆ. ಇನ್ನೊಮ್ಮೆ ವಾಸನೆ ಬಂದರೆ ತಾನು ಜಗಳ ಆಡುವುದಿಲ್ಲ, ಅಪ್ಪನಿಗೆ ಹೇಳುತ್ತೇನೆ ಎಂದಿದ್ದಳು. ಅದಕ್ಕೇ ನಾನು ಖಾನಾಪುರಕ್ಕೆ ಹೋಗುವ ಮೊದಲಿನ ವಾರಪೂರ್ತಿ ಉಪವಾಸವಿರುತ್ತಿದ್ದೆ, ಎರಡು ಸಲ ಸೋಪು ಹಚ್ಚಿಕೊಂಡು ಮೀಯುತ್ತಿದ್ದೆ.

ಟಿಪ್ಪಿಗೆ ಒಂದೇ ಪೀಡೆ. ಒಳಗೆ ಕರಿ ಜಿಗುಟು ಕಟ್ಟುತ್ತದೆ, ಆಗಾಗ ತೆಗೆಯಬೇಕು. ಹೆಂಡತಿ ದೇವರ ಜಗಲಿಯ ಮೇಲೆ ಡಬ್ಬಿ ತುಂಬ ಹೊಸೆದಿಟ್ಟಿದ್ದ ಅರಳೆಯ ಬತ್ತಿಗಳು ಆ ತೂತಿಗೆ ಹೇಳಿ ಮಾಡಿಸಿದ ಹಾಗೆ ಇದ್ದವು. ಒಂದೊಂದು ಕದ್ದು, ಸ್ಪಿರಿಟಿನಲ್ಲಿ ಅದ್ದಿ ಒಳಗೆ ತೂರಿಸಿ ಎಳೆಯುತ್ತಿದ್ದೆ. ಶ್ರಾವಣದಲ್ಲಿ ಒಂದು ಸೋಮವಾರ ರಜೆ ಹಾಕಿ ಹೆಂಡತಿಯ ಜೊತೆ ಖಾನಾಪುರಕ್ಕೆ ಹೊರಟೆ. ಹೊರಡುವ ಗಡಿಬಿಡಿಯಲ್ಲಿ, ಅರ್ಧ ತೊಳೆದ ಟಿಪ್ಪು ಬತ್ತಿಯ ಸಮೇತ ಅಂಗಿಯ ಕಿಸೆಯಲ್ಲಿ ಉಳಿಯಿತು. ಅಷ್ಟು ಅಳತೆಗಾರ ನಾನು, ಕಿಸೆ ಮುಟ್ಟಿ ನೋಡಿಕೊಳ್ಳಲಿಲ್ಲ.

ಹೋದಕೂಡಲೇ ಬಟ್ಟೆ ಬದಲಿಸಿ ಅಂಗಿಯನ್ನು ಗೂಟಕ್ಕೆ ಹಾಕಿ ಬಚ್ಚಲಿಗೆ ನಡೆದೆ. ಅತ್ತೆಯವರಿಗೆ ಅಳಿಯನ ಅಂಗಿ ಒಂದು ತಾಸು ಗೂಟದಲ್ಲಿ ತೂಗಿದರೂ ಸಹಿಸದು, ಒಯ್ದು ಒಗೆದುಬಿಡುತ್ತಾರೆ. ಒಗೆಯುವ ಮೊದಲು ಕಿಸೆ ನೋಡಿದ್ದಾರೆ. ನಾನು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದರೆ ಅವರು ಅಂಗೈಯಲ್ಲಿ ಟಿಪ್ಪು ಇಟ್ಟುಕೊಂಡು ನಿಂತಿದ್ದರು. ಕಣ್ಣಲ್ಲಿ ನೀರು ಇತ್ತು.

“ಅಳಿಯಂದ್ರು ಮರತಾರ ಅಂದ್ಕೊಂಡಿದ್ದೆ,” ಎಂದರು ನನ್ನ ಹೆಂಡತಿಗೆ. “ಎರಡ ವರ್ಷದ ಮ್ಯಾಲ ನೆಪ್ಪಿಟ್ಟು ಮಾಡ್ಯಾರ ನೋಡವಾ. ಬತ್ತಿ ಸೈತ ಹಾಕ್ಕೊಂಡ ಬಂದಾರ.”

ಆಗ ನೆನಪಾಯಿತು. ಎರಡು ವರ್ಷದ ಹಿಂದೆ, ದೀಪದಲ್ಲಿ ಬತ್ತಿ ಎಣ್ಣೆಯೊಳಗೆ ಮುಳುಗಿ ಆರಿಹೋಗುತ್ತದೆ, ನೆಟ್ಟಗೆ ಹಿಡಿಯುವ ಒಂದು ಸಣ್ಣ ಕೊಳವೆ ಲೇತಿನ ಮೇಲೆ ಮಾಡಿಕೊಡಿ ಎಂದು ಕೇಳಿದ್ದರು. ಆಗಲಿ ಎಂದು ಮರೆತುಬಿಟ್ಟಿದ್ದೆ. ಈಗ ಅವರ ಕೈಯಲ್ಲಿದ್ದದ್ದು ಅದೇ ಕೊಳವೆ. ನಿಲ್ಲಲು ಅಗಲ ಪಾದ, ಎಣ್ಣೆ ಒಳಗೆ ಸೇರಲು ಅಡ್ಡ ತೂತು, ಹಿಡಿಯಲು ಗೆರೆ, ಬತ್ತಿಗೆ ತಕ್ಕ ರಂಧ್ರ. ದೀಪಕ್ಕೆಂದೇ ಕುಳಿತು ಮಾಡಿದ್ದರೂ ಅಷ್ಟು ಚಲೋ ಆಗುತ್ತಿರಲಿಲ್ಲ. ಅದು ಬೇರೆಯದು ಅತ್ತೀ ಎನ್ನಲು ಬಾಯಿ ತೆರೆದೆ. ಬೇರೆ ಯಾವುದು ಎಂದು ಕೇಳಿದರೆ? ಬಾಯಿ ಮುಚ್ಚಿದೆ. ಹೆಂಡತಿ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ಮದುವೆಯಾದ ಮೇಲೆ ಅವಳು ನನ್ನನ್ನು ಹಾಗೆ ನೋಡಿದ್ದು ಬಹುಶಃ ಅದೇ ಮೊದಲು, ಖುಷಿಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ದೇವರ ಜಗಲಿಯ ಮುಂದೆ ಮಾವನವರು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತಿದ್ದರು. ಅತ್ತೆಯವರು ಟಿಪ್ಪನ್ನು ದೀಪದ ನಡುವೆ ನಿಲ್ಲಿಸಿ, ಎಣ್ಣೆ ಹಾಕಿ, ಬತ್ತಿ ಹೊತ್ತಿಸಿದರು. ಜ್ವಾಲೆ ನೆಟ್ಟಗೆ ನಿಂತಿತು. ಕಸುಬುದಾರನ ಕಣ್ಣಿಗೆ ಅದು ನಿಜಕ್ಕೂ ಚಂದ ಕಂಡಿತು, ಸುಳ್ಳು ಯಾಕೆ ಹೇಳಲಿ. ಐದು ನಿಮಿಷಕ್ಕೆ ಹಿತ್ತಾಳೆ ಕಾಯಿತು. ಒಳಗೆ ಉಳಿದಿದ್ದ ಜಿಗುಟೂ ಕಾಯಿತು. ಊದಿನಕಡ್ಡಿಯ ವಾಸನೆಯನ್ನು ತಳ್ಳಿಕೊಂಡು ಇನ್ನೊಂದು ವಾಸನೆ ಮೆಲ್ಲಗೆ ಎದ್ದಿತು. ಹೆಂಡತಿಯ ಹೆಮ್ಮೆ ಅಲ್ಲಿಗೆ ಮುಗಿಯಿತು. ಅವಳು ಹಲ್ಲು ಕಚ್ಚಿ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

ಅದೇ ಹೊತ್ತಿಗೆ ಪಕ್ಕದ ಮನೆಯ ಮರಾಠಿ ಬಾಯಿ ಕರಿಬೇವು ಕೇಳಲು ಬಂದವಳು ಹೊಸ್ತಿಲಲ್ಲೇ ನಿಂತು, “ಕಸಲಾ ವಾಸ ಯೇತೋಯ?” ಎಂದಳು. ಎಂಥ ವಾಸನೆ ಎಂಬ ಪ್ರಶ್ನೆಗೆ ಆ ಮನೆಯಲ್ಲಿ ಉತ್ತರ ಹೇಳುವ ಅಧಿಕಾರ ಒಬ್ಬರಿಗೇ ಇತ್ತು. ಎಲ್ಲರೂ ಮಾವನವರ ಕಡೆ ನೋಡಿದೆವು. ಅವರು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಕಟ್ಟಿಕೊಂಡರು, ದೀಪದ ಕಡೆ ಬಾಗಿದರು, ದೀರ್ಘವಾಗಿ ಎರಡು ಸಲ ಉಸಿರೆಳೆದರು. ನನಗೆ ನನ್ನ ಲಗ್ನ, ನನ್ನ ನೌಕರಿ, ‘ಅಡಕಿ ಚೂರಿನ ಚಟಾನೂ ಇಲ್ಲ’ ಎಂಬ ಮಾತು, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ಅವರು ತಲೆ ಎತ್ತಿ ನನ್ನ ಮುಖ ನೋಡಿದರು.

“ಹೊಸಾ ಧೂಪ,” ಎಂದರು. “ಅಳಿಯಂದ್ರು ಬೆಳಗಾವಿಂದ ತಂದಾರ.”

ಮರಾಠಿ ಬಾಯಿ ಕರಿಬೇವು ಇಸಿದುಕೊಂಡು ಹೋದಳು. ಎಲ್ಲಿ ಸಿಗುತ್ತದೆ, ತನಗೂ ಒಂದು ಪುಡಿಕೆ ತಂದುಕೊಡಿ ಎಂದು ಹೇಳಿಯೇ ಹೋದಳು.

ಸ್ವಲ್ಪ ಹೊತ್ತಿಗೆ ಮಾವನವರು ನನ್ನನ್ನು ಹಿತ್ತಲಿಗೆ ಕರೆದರು. ದೀಪ ಶಾಂತ ಮಾಡಿ ಟಿಪ್ಪನ್ನು ಪಂಚೆಯ ಚುಂಗಿನಲ್ಲಿ ಹಿಡಿದು ತಂದಿದ್ದರು. ಬಿಸಿಲಿಗೆ ಹಿಡಿದು ಒಳಗೆ ಇಣುಕಿದರು, ಕಿರುಬೆರಳಿನ ಉಗುರಿನಿಂದ ಕರಿ ಜಿಗುಟನ್ನು ಕೆರೆದು ಹೆಬ್ಬೆರಳಿಗೆ ತಿಕ್ಕಿ ನೋಡಿದರು. ಮೂವತ್ತು ವರ್ಷದ ಸರ್ವಿಸು ಆ ಬೆರಳಿನಲ್ಲಿತ್ತು. ಇಂಥವು ಎಷ್ಟು ಮಾಡಿದ್ದೀರಿ ಎಂದು ಕೇಳಿದರು. ಎರಡು ಎಂದೆ. ಅವರು ನನ್ನ ಕಡೆ ತಿರುಗಿ ಒಮ್ಮೆ ಉಸಿರೆಳೆದರು. ಮೂರು ಎಂದೆ. ಇನ್ನೊಮ್ಮೆ ಎಳೆದರು. ನಾಲ್ಕು ಎಂದೆ.

ಆಮೇಲೆ ಕಾಲಿಗೆ ಬೀಳುವವನ ಹಾಗೆ ಬಾಗಿ, ತಪ್ಪಾಯಿತು, ನಿಮ್ಮ ಮೂಗಿಗೆ ಮೋಸ ಮಾಡಲು ಆಗುವುದಿಲ್ಲ ಎಂದು ಏನೇನೋ ಬಡಬಡಿಸಿದೆ. ಅವರು ಒಳಗೆ ಯಾರಾದರೂ ಕೇಳುತ್ತಿದ್ದಾರೆಯೇ ಎಂದು ನೋಡಿ, ಬಾವಿಕಟ್ಟೆಯ ಮೇಲೆ ಕುಳಿತು ಹೇಳಿದರು:

“ಮೂಗ ಎಲ್ಲೈತಿ, ಅಳಿಯಂದ್ರ? ಆ ದೊಡ್ಡ ಜ್ವರ ಬಂದಾಗ ಹೋದ ವಾಸನಿ ಮತ್ತ ತಿರಗಿ ಬರಲಿಲ್ಲ. ಮಲ್ಲಿಗಿ ಇಲ್ಲ, ಒಗ್ಗರಣಿ ಇಲ್ಲ. ನಿಮ್ಮತ್ತಿಗೆ ಹೇಳಿಲ್ಲ. ಉಣ್ಣೂದ ಮಣ್ಣ ತಿಂದಂಗ ಆಗೇತಿ, ಛಲೋ ಐತಿ ಅಂತ ಉಣ್ತೇನಿ.”

ಹಾಗಾದರೆ ನನ್ನನ್ನು ಹಿಡಿದದ್ದು ಹೇಗೆ ಎಂದು ಕೇಳಿದೆ.

“ಮೂಗಿಲೆ ನಾ ಯಾರನ್ನೂ ಹಿಡದಿಲ್ರೀ,” ಎಂದರು. “ಮೂಗ ಏರಸ್ತಿದ್ದೆ, ಮಂದಿ ಮಾರಿ ನೋಡ್ತಿದ್ದೆ. ಯಾರ ಮಾರಿ ಇಳೀತಿತ್ತೋ ಅವನ ಚೀಲ ಬಿಚ್ಚಸ್ತಿದ್ದೆ. ಕನ್ಯಾ ನೋಡಾಕ ಬಂದಾಗ ನಿಮ್ಮ ಮಾರಿ ಇಳಿದಿದ್ದಿಲ್ಲ. ಅದಕ್ಕ ಮಗಳ್ನ ಕೊಟ್ಟೆ.”

ಇವತ್ತು ದೀಪದ ಮುಂದೆ ಇಳಿದದ್ದು ನನ್ನ ಮುಖ. ಬೈದಿದ್ದರೆ ಚಲೋ ಇತ್ತು. ನಾನು ಬಾವಿಯ ಹಗ್ಗ ನೋಡುತ್ತ ನಿಂತೆ. ಮೂಗಿನ ಸಂಗತಿ ಯಾರಿಗೂ ಹೇಳಬಾರದು ಎಂದು ಅವರು ನನ್ನಿಂದ ಮಾತು ತೆಗೆದುಕೊಂಡರು. ಕೊನೆಗೆ, ಮನೆಯಲ್ಲಿ ಇನ್ನೂ ಮೂರು ದೀಪಗಳಿವೆ, ಉಳಿದ ಮೂರೂ ಮುಂದಿನ ಸೋಮವಾರ ಬರಬೇಕು, ಈ ಸಲ ತೊಳೆದು ತನ್ನಿ ಎಂದು ಅಪ್ಪಣೆ ಮಾಡಿದರು. ಅವರ ಸರ್ವಿಸಿನ ಕೊನೆಯ ಜಪ್ತಿ ಅದು.

ವಾಪಸು ಬರುವಾಗ ಹೆಂಡತಿ ಬೈಕಿನ ಹಿಂದೆ ಕುಳಿತಿದ್ದಳು. ದೇಸೂರು ದಾಟಿ ಮಚ್ಛೆ ಬಂದಾಗ ನನ್ನ ಕಿವಿಯ ಹತ್ತಿರ ಬಾಗಿ, “ನಮ್ಮಪ್ಪನ ಮೂಗಿಗೆ ವಯಸ್ಸಾಗೇತಿ, ನನ್ನ ಮೂಗಿಗೆ ಆಗಿಲ್ಲ,” ಎಂದಳು. ಅಪ್ಪನ ಮೂಗಿನ ನಿಜವಾದ ಸಂಗತಿ ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಮಾತು ಕೊಟ್ಟಿದ್ದೆ.

ಗೆಳೆಯನ ಹತ್ತಿರ ಟಿಪ್ಪು ವಾಪಸು ಕೇಳಿದ್ದಕ್ಕೆ ಅವನು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಈಗ ಮತ್ತೆ ಲಗ್ನಪತ್ರಿಕೆಗೆ ಹೋಗಿದ್ದಾನೆ. ನಮ್ಮ ಬಂಧುಗಳದು ಮಾತ್ರ ಬೇಡ ಎಂದು ಕೈ ಮುಗಿದು ಹೇಳಿದ್ದೇನೆ. ಮಾಳಿಗೆಗೆ ನಾನು ಈಗಲೂ ಹೋಗುತ್ತೇನೆ, ಬರಿಗೈಯಲ್ಲಿ ಕುಳಿತು ಸಂಡಿಗೆ ಎಣಿಸುತ್ತೇನೆ. ಒಬ್ಬನೇ ಎಣಿಸಿದರೂ ಎರಡು ಸಲ ಒಂದೇ ಲೆಕ್ಕ ಬರುವುದಿಲ್ಲ, ಅಂದರೆ ಗಾಂಜಾದ ತಪ್ಪು ಅಷ್ಟೇನೂ ಇರಲಿಲ್ಲ.

ಖಾನಾಪುರದಲ್ಲಿ ನಾಲ್ಕು ದೀಪಗಳೂ ನೆಟ್ಟಗೆ ಉರಿಯುತ್ತವೆ. ಬಂದವರಿಗೆಲ್ಲ ಅತ್ತೆಯವರು ಅಳಿಯನ ಕೈಕೆಲಸ ತೋರಿಸುತ್ತಾರೆ. ಊಟಕ್ಕೆ ಮಾವನವರು ನನ್ನನ್ನು ತಮ್ಮ ಎದುರಿಗೇ ಕೂರಿಸಿಕೊಳ್ಳುತ್ತಾರೆ. ಅತ್ತೆಯವರು ಬಡಿಸಿ, ಹುಗ್ಗಿ ಹೇಗಾಗಿದೆ ಎಂದು ಗಂಡನನ್ನು ಕೇಳುತ್ತಾರೆ. ಅವರು ತಾಟಿನ ಮೇಲೆ ಬಾಗಿ ಎರಡು ಸಲ ಉಸಿರೆಳೆಯುತ್ತಾರೆ. ನಾನೂ ಎಳೆಯುತ್ತೇನೆ, ಇಬ್ಬರ ಪಾಲಿಗೂ ಇರುವುದು ನನ್ನದೊಂದೇ ಮೂಗು, ಏನಾದರೂ ಕಡಿಮೆಯಿದ್ದರೆ ಮುಖ ಸ್ವಲ್ಪ ಇಳಿಸುತ್ತೇನೆ. ಆಮೇಲೆ ಅವರು ತಲೆ ಎತ್ತಿ ನನ್ನ ಮುಖ ನೋಡುತ್ತಾರೆ.

“ಏಲಕ್ಕಿ ಸ್ವಲ್ಪ ಕಡಿಮಿ ಬಿದ್ದೈತಿ,” ಎನ್ನುತ್ತಾರೆ.

ಅತ್ತೆಯವರು ಏಲಕ್ಕಿ ತರಲು ಒಳಗೆ ಹೋಗುತ್ತಾರೆ. ಈ ವಯಸ್ಸಿನಲ್ಲೂ ಇವರ ಮೂಗು ನೋಡಿ ಎಂದು ಹೇಳುತ್ತಲೇ ಹೋಗುತ್ತಾರೆ.